ಗಂಟಲ ಹಿಂದೆ ನಿಲ್ಲುವ ಕಫ: ಎಳೆದು ಉಗಿಯುವ ಮೊದಲು

ಎಲ್ಲರೂ ಒಂದು ಗಳಿಗೆ ನಿಮ್ಮ ಗಮನವನ್ನು ಗಂಟಲಿನ ಹಿಂಭಾಗಕ್ಕೆ ಕೊಡಿ. ಕಿರುನಾಲಗೆಯ ಹಿಂದೆ, ನುಂಗುವಾಗ ಬಿಗಿಯುತ್ತದಲ್ಲ, ಆ ಜಾಗ. ಏನೋ ಅಂಟಿಕೊಂಡ ಹಾಗಿದೆಯೇ? ಹಲವರಿಗೆ ಈಗ ಹೌದು ಅನ್ನಿಸುತ್ತಿರಬಹುದು. ಕೆಲವರು ಆಗಲೇ ಒಮ್ಮೆ ನುಂಗಿಯೂ ಆಯಿತು. ಒಂದು ನಿಮಿಷದ ಹಿಂದೆಯೂ ಆ ಲೋಳೆ ಅಲ್ಲೇ ಇತ್ತು, ನಿಮಗೆ ಗೊತ್ತಾಗಿರಲಿಲ್ಲ ಅಷ್ಟೇ. ಗಂಟಲ ಕಫದಿಂದ ತಿಂಗಳುಗಟ್ಟಲೆ, ವರ್ಷಗಟ್ಟಲೆ ಬಳಲುವವರು ಮೊದಲು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಗಂಟಲಲ್ಲಿ ಲೋಳೆ ಎಲ್ಲರಿಗೂ ಇರುತ್ತದೆ. ನಿಮಗೆ ಮಾತ್ರ ಅದು ದಿನವಿಡೀ ಅರಿವಿಗೆ ಬರುತ್ತಿದೆ. ಯಾಕೆ ಎಂದು ಹುಡುಕುವುದೇ ಚಿಕಿತ್ಸೆಯ ಅರ್ಧ ಭಾಗ.

ಮೂಗು ಮತ್ತು ಅದರ ಸುತ್ತಲಿನ ಸೈನಸ್ ಎಂಬ ಗಾಳಿಗೂಡುಗಳ ಒಳಪದರ ದಿನವೊಂದಕ್ಕೆ ಸುಮಾರು ಒಂದು ಲೀಟರಿನಷ್ಟು ಲೋಳೆ ಒಸರುತ್ತದೆ ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಅದರಲ್ಲಿ ನೂರಕ್ಕೆ 95 ಭಾಗದಷ್ಟು ಬರೀ ನೀರು. ಉಳಿದದ್ದು ಮ್ಯೂಸಿನ್ ಎಂಬ ಅಂಟು ಪದಾರ್ಥ, ಉಪ್ಪು, ರೋಗಾಣುಗಳನ್ನು ಹಿಡಿದು ಕೊಲ್ಲುವ ಕೆಲವು ಪ್ರೋಟೀನ್. ನಾವು ಉಸಿರಾಡುವ ಗಾಳಿಯ ದೂಳು, ಹೊಗೆ, ವೈರಸ್ ಎಲ್ಲ ಈ ಅಂಟಿಗೆ ಹತ್ತಿಕೊಳ್ಳುತ್ತವೆ. ಒಳಪದರದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಅವು ಸೆಕೆಂಡಿಗೆ ಹತ್ತು ಹದಿನೈದು ಸಲ ಬೀಸುತ್ತಾ ಇಡೀ ಲೋಳೆಯ ಹಾಸನ್ನು ಹಿಂದಕ್ಕೆ, ಗಂಟಲ ಕಡೆಗೆ ತಳ್ಳುತ್ತವೆ. ನಾವು ನುಂಗುತ್ತೇವೆ, ಹೊಟ್ಟೆಯ ಆಮ್ಲ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಆದ್ದರಿಂದ ಕಫ ನುಂಗಿದರೆ ಹೊಟ್ಟೆ ಕೆಡುತ್ತದೆ, ಎದೆಗೆ ಇಳಿಯುತ್ತದೆ ಎಂಬ ಹೆದರಿಕೆ ಬೇಡ. ದಿನವೂ ನುಂಗುತ್ತಲೇ ಇದ್ದೀರಿ.

ಈ ರೋಮಗಳ ವೇಗ ಅಳೆಯಲು ಒಂದು ಚೆಂದದ ಪರೀಕ್ಷೆ ಇದೆ. ವಿಷಯಕ್ಕೆ ಸ್ವಲ್ಪ ಹೊರಗಿನದು, ಆದರೂ ಹೇಳುತ್ತೇನೆ. ಮೂಗಿನ ಮುಂಭಾಗದಲ್ಲಿ ಸ್ಯಾಕರಿನ್ ಎಂಬ ಕೃತಕ ಸಿಹಿಯ ಒಂದು ಕಣ ಇಟ್ಟು ಸುಮ್ಮನೆ ಕೂರಿಸುತ್ತಾರೆ. ಅದು ಕರಗಿ, ಲೋಳೆಯ ಜೊತೆ ಹಿಂದಕ್ಕೆ ಸಾಗಿ, ಗಂಟಲಿಗೆ ಇಳಿದು ಸಿಹಿ ಅನ್ನಿಸುವವರೆಗೆ ಎಷ್ಟು ಹೊತ್ತು ಹಿಡಿಯಿತು ಎಂದು ನೋಡುತ್ತಾರೆ. ಸಾಮಾನ್ಯವಾಗಿ 20 ನಿಮಿಷದೊಳಗೆ ಸಿಹಿ ಬರುತ್ತದೆ. ಅರ್ಧ ಗಂಟೆ ದಾಟಿದರೆ ರೋಮಗಳ ಕೆಲಸ ಕುಂಟಿದೆ ಎಂದು ಅರ್ಥ. ಸಿಗರೇಟಿನ ಹೊಗೆ, ಒಣ ಗಾಳಿ, ಇತ್ತೀಚೆಗೆ ಬಂದುಹೋದ ನೆಗಡಿ, ಇವೆಲ್ಲ ಈ ರೋಮಗಳನ್ನು ಮಂದಗೊಳಿಸುತ್ತವೆ. ನೆಗಡಿ ಹೋಗಿ ಕೆಲವು ವಾರ ಕಳೆದರೂ ಗಂಟಲಲ್ಲಿ ಕಫ ಉಳಿದುಕೊಂಡಂತೆ ಅನ್ನಿಸಲು ಇದೂ ಒಂದು ಕಾರಣ. ಕೆಟ್ಟ ರೋಮ ಮತ್ತೆ ಬೆಳೆಯಲು ಸಮಯ ಬೇಕು.

ಹಾಗಾದರೆ ತೊಂದರೆ ಮೂರು ಬಗೆಯಲ್ಲಿ ಬರಬಹುದು. ಲೋಳೆ ನಿಜವಾಗಿಯೂ ಹೆಚ್ಚಾಗಿ, ನೀರು ನೀರಾಗಿ ಸುರಿಯಬಹುದು. ಇಲ್ಲವೇ ಪ್ರಮಾಣ ಅಷ್ಟೇ ಇದ್ದು, ಗಟ್ಟಿಯಾಗಿ, ಜಾರದೆ ನಿಂತುಬಿಡಬಹುದು. ಮೂರನೆಯದು ಎಲ್ಲರೂ ಮರೆಯುವಂಥದ್ದು: ಲೋಳೆ ಸರಿಯಾಗಿಯೇ ಇದೆ, ಗಂಟಲಿನ ನರಗಳು ಅತಿ ಸೂಕ್ಷ್ಮವಾಗಿ ಸಣ್ಣದನ್ನೂ ದೊಡ್ಡದೆಂದು ವರದಿ ಮಾಡುತ್ತಿವೆ. ಈ ಮೂರಕ್ಕೂ ಔಷಧಿ ಬೇರೆ ಬೇರೆ. ಒಂದಕ್ಕೆ ಕೊಟ್ಟದ್ದು ಇನ್ನೊಂದನ್ನು ಕೆಡಿಸುವುದೂ ಉಂಟು. ಸುರಿಯುವ ಮೂಗನ್ನು ಒಣಗಿಸುವ ಮಾತ್ರೆಯನ್ನು ಗಟ್ಟಿ ಕಫದವರು ನುಂಗಿದರೆ ಕಫ ಇನ್ನಷ್ಟು ಅಂಟಾಗುತ್ತದೆ.

ಕಾರಣ ಯಾವುದೇ ಇರಲಿ, ಎಲ್ಲರೂ ಮಾಡುವ ಒಂದು ಕೆಲಸದಿಂದ ಶುರುಮಾಡೋಣ. ಅದು ಕ್ಯಾಕರಿಸುವುದು. ಜೋರಾಗಿ ಕ್ಯಾಕರಿಸುವಾಗ ಧ್ವನಿಪೆಟ್ಟಿಗೆಯ ಎರಡು ಪಟ್ಟಿಗಳು ಒಂದಕ್ಕೊಂದು ಬಡಿದು ಉಜ್ಜುತ್ತವೆ. ಉಜ್ಜಿದ ಜಾಗ ಊದುತ್ತದೆ. ಊದಿದ್ದನ್ನು ಗಂಟಲು ಏನೋ ಸಿಕ್ಕಿಕೊಂಡಿದೆ ಎಂದೇ ಓದುತ್ತದೆ. ಜೊತೆಗೆ ಕೆರಳಿದ ಪದರ ತನ್ನನ್ನು ಕಾಪಾಡಿಕೊಳ್ಳಲು ಹೊಸ ಲೋಳೆ ಒಸರುತ್ತದೆ. ಮತ್ತೆ ಕ್ಯಾಕರಿಕೆ. ಮೂಲ ಕಾರಣವಾಗಿದ್ದ ನೆಗಡಿಯೋ ಅಲರ್ಜಿಯೋ ಹೋಗಿ ಆರು ತಿಂಗಳಾದರೂ ಈ ಸುತ್ತು ತಾನಾಗಿ ತಿರುಗುತ್ತಿರುತ್ತದೆ.

ಇದನ್ನು ಬಿಡಿಸಲು ಒಂದು ಕ್ರಮವಿದೆ. ಮೊದಲ ಎರಡು ದಿನ ಏನನ್ನೂ ಬದಲಿಸಬೇಡಿ, ಎಣಿಸಿ ಮಾತ್ರ. ಜೇಬಿನಲ್ಲಿ ಒಂದು ಚೀಟಿ ಇಟ್ಟುಕೊಂಡು ಕ್ಯಾಕರಿಸಿದಾಗಲೆಲ್ಲ ಒಂದು ಗೆರೆ ಎಳೆಯಿರಿ. ಎಷ್ಟೋ ಬಾರಿ ಅದು ನಮಗೆ ತಿಳಿಯದೆಯೇ ಆಗುತ್ತಿರುತ್ತದೆ, ಹಾಗಾಗಿ ಮನೆಯವರಿಗೆ ಕೈಸನ್ನೆ ಮಾಡಲು ಹೇಳಿ. ಮೂರನೇ ದಿನದಿಂದ ಕ್ಯಾಕರಿಸಬೇಕು ಅನ್ನಿಸಿದ ಕೂಡಲೇ ಒಂದು ಗುಟುಕು ನೀರು ಬಾಯಿಗೆ ತೆಗೆದುಕೊಂಡು, ಗದ್ದವನ್ನು ಎದೆಯ ಕಡೆ ಸ್ವಲ್ಪ ತಗ್ಗಿಸಿ, ಬಲವಾಗಿ ನುಂಗಿ. ನೀರು ಹತ್ತಿರ ಇಲ್ಲದಿದ್ದರೆ ಎಂಜಲನ್ನೇ ನುಂಗಿ. ಅಷ್ಟಕ್ಕೆ ಹೋಗದಿದ್ದರೆ ದನಿ ಇಲ್ಲದ ಕ್ಯಾಕರಿಕೆ ಮಾಡಿ: ಉಸಿರು ಒಳಗೆ ಎಳೆದು, ಬಾಯಿ ತೆರೆದು, ಕನ್ನಡಕದ ಗಾಜಿಗೆ ಹಬೆ ಊದುವಂತೆ ‘ಹಾ’ ಎಂದು ಗಾಳಿ ಮಾತ್ರ ಬಿಡಿ, ತಕ್ಷಣ ನುಂಗಿ. ಬಾಯಿ ಮುಚ್ಚಿ ಹತ್ತು ಸೆಕೆಂಡು ಮೆಲ್ಲಗೆ ‘ಮ್‌ಮ್‌ಮ್’ ಎಂದು ಗುನುಗುವುದೂ ಕೆಲವರಿಗೆ ಹಿಡಿಸುತ್ತದೆ, ಆ ಕಂಪನಕ್ಕೆ ಲೋಳೆ ಜಾರುತ್ತದೆ. ಸಕ್ಕರೆಯಿಲ್ಲದ ಪೆಪ್ಪರಮೆಂಟು ಚೀಪಬಹುದು, ಎಂಜಲು ಊರಿ ಗಂಟಲು ಒದ್ದೆಯಾಗುತ್ತದೆ. ಆದರೆ ಮೆಂಥಾಲ್ ಜೋರಾಗಿರುವುದು ಬೇಡ. ಆ ತಂಪು ಆಮೇಲೆ ಗಂಟಲನ್ನು ಒಣಗಿಸುತ್ತದೆ, ಹುಳಿತೇಗು ಇರುವವರಿಗೆ ಅದನ್ನು ಹೆಚ್ಚಿಸಲೂಬಹುದು.

ಮೊದಲ ವಾರ ಕಷ್ಟ, ಮುಂಚೆಯೇ ತಿಳಿದುಕೊಳ್ಳಿ. ಕ್ಯಾಕರಿಸದೆ ಬಿಟ್ಟರೆ ಕಫ ಹೆಚ್ಚಾದ ಹಾಗೇ ಅನ್ನಿಸುತ್ತದೆ. ತುರಿಕೆಯನ್ನು ಕೆರೆಯದೆ ಬಿಟ್ಟ ಹಾಗೆ ಅದು. ತಡೆದರೆ ಆ ಒತ್ತಾಯ ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಇಳಿಯುತ್ತದೆ. ಎರಡು ಮೂರು ವಾರ ಬಿಡದೆ ಮಾಡಿದವರ ಚೀಟಿಯಲ್ಲಿ ಗೆರೆಗಳು ಕಡಿಮೆಯಾಗುತ್ತಾ ಬರುತ್ತವೆ.

ಈಗ ಮೂಲ ಹುಡುಕುವ ಮಾತು. ನಿಮ್ಮ ಗಂಟಲು ಯಾವ ಹೊತ್ತಿನಲ್ಲಿ, ಯಾವುದರ ಜೊತೆಯಲ್ಲಿ ಕಾಡುತ್ತದೆ ಎಂದು ನೋಡಿದರೆ ಸಾಕಷ್ಟು ಸುಳಿವು ಸಿಗುತ್ತದೆ. ಸಾಲು ಸಾಲು ಸೀನು, ಮೂಗು ಮತ್ತು ಕಣ್ಣಿನ ತುರಿಕೆ, ಅಂಗುಳದ ತುರಿಕೆ, ನೀರಿನಂಥ ಸಿಂಬಳ, ವರ್ಷದ ಒಂದು ಕಾಲದಲ್ಲಿ ಅಥವಾ ದೂಳಿನ ಕೋಣೆಯಲ್ಲಿ ಹೆಚ್ಚು. ಇದು ಅಲರ್ಜಿಯ ಗುರುತು. ತುರಿಕೆ ಇಲ್ಲ, ಆದರೆ ತಣ್ಣನೆ ಗಾಳಿಗೆ, ಅತ್ತರಿನ ವಾಸನೆಗೆ, ಬಿಸಿ ಅಥವಾ ಖಾರದ ಊಟಕ್ಕೆ ಮೂಗು ಸುರಿಯುತ್ತದೆ ಎಂದರೆ ಅಲರ್ಜಿಯಿಲ್ಲದ ಮೂಗಿನ ಕೆರಳಿಕೆ. ಮೂಗಿನ ಗ್ರಂಥಿಗಳನ್ನು ನಡೆಸುವ ನರಗಳು ಬೇಗ ಉದ್ರೇಕಗೊಳ್ಳುವುದರಿಂದ ಹೀಗಾಗುತ್ತದೆ. ವಯಸ್ಸಾದವರಲ್ಲಿ ಇದೇ ಹೆಚ್ಚು. ಅಲರ್ಜಿ ಮಾತ್ರೆ ಇಲ್ಲಿ ಅಷ್ಟಾಗಿ ಕೆಲಸ ಮಾಡುವುದಿಲ್ಲ, ‘ಎಷ್ಟು ಮಾತ್ರೆ ನುಂಗಿದರೂ ನಿಲ್ಲಲಿಲ್ಲ’ ಎನ್ನುವವರಲ್ಲಿ ಈ ಗುಂಪಿನವರು ಬಹಳ.

ಮೂಗು ಕಟ್ಟಿರುವುದು, ಮಂದ ಸಿಂಬಳ, ಮುಖದಲ್ಲಿ ಭಾರ, ವಾಸನೆ ತಿಳಿಯದಿರುವುದು, ಇವುಗಳಲ್ಲಿ ಎರಡಾದರೂ 12 ವಾರ ದಾಟಿ ಉಳಿದಿದ್ದರೆ ದೀರ್ಘಕಾಲದ ಸೈನಸ್ ಉರಿಯೂತ ಇರಬಹುದು. ಇದನ್ನು ಬಾಯಿಮಾತಿನಲ್ಲಿ ತೀರ್ಮಾನಿಸುವಂತಿಲ್ಲ, ಮೂಗಿನೊಳಗೆ ಎಂಡೋಸ್ಕೋಪ್ ಎಂಬ ತೆಳುವಾದ ಕ್ಯಾಮರಾ ಕೊಳವೆ ಹಾಕಿ ನೋಡಬೇಕು ಅಥವಾ ಸಿಟಿ ಸ್ಕ್ಯಾನ್ ಬೇಕು. ಒಂದೇ ಬದಿಯಲ್ಲಿ, ಕೆಟ್ಟ ವಾಸನೆಯ ಕಫ ಇಳಿಯುತ್ತಿದ್ದರೆ ಹಲ್ಲನ್ನೂ ತೋರಿಸಿ. ಮೇಲಿನ ದವಡೆ ಹಲ್ಲುಗಳ ಬೇರು ಕೆನ್ನೆಯ ಸೈನಸ್ಸಿನ ನೆಲಕ್ಕೆ ತಾಗಿದಂತೆ ಇರುತ್ತದೆ. ಬೇರಿನ ಕೀವು ಮೇಲಕ್ಕೆ ಒಡೆದರೆ ಹಲ್ಲು ನೋಯದೆಯೇ ಸೈನಸ್ ತುಂಬಬಹುದು. ಹಲ್ಲು ಸರಿಮಾಡದೆ ಮೂಗಿಗೆ ಎಷ್ಟು ಔಷಧಿ ಹಾಕಿದರೂ ಅದು ಮರುಕಳಿಸುತ್ತದೆ.

ಬೆಳಿಗ್ಗೆ ಎದ್ದಾಗ ದನಿ ಒಡೆದಿರುತ್ತದೆ, ಊಟವಾದ ಮೇಲೆ ಅಥವಾ ಮಲಗಿದಾಗ ಕಫ ಹೆಚ್ಚು, ಗಂಟಲಲ್ಲಿ ಉಂಡೆ ಕುಳಿತ ಹಾಗೆ, ಮೂಗಿನಲ್ಲಿ ಮಾತ್ರ ಏನೂ ಇಲ್ಲ. ಇಂಥವರಲ್ಲಿ ಹೊಟ್ಟೆಯ ರಸ ಗಂಟಲವರೆಗೆ ಬರುತ್ತಿರಬಹುದು. ಎದೆಯುರಿ ಇರಲೇಬೇಕೆಂದಿಲ್ಲ. ಅನ್ನನಾಳದ ಒಳಪದರ ಸ್ವಲ್ಪ ಆಮ್ಲವನ್ನು ತಡೆದುಕೊಳ್ಳುತ್ತದೆ, ಧ್ವನಿಪೆಟ್ಟಿಗೆಯದು ತಡೆದುಕೊಳ್ಳುವುದಿಲ್ಲ.

ಇನ್ನೊಂದು ಮೂಲವನ್ನು ರೋಗಿಗಳೂ ಮರೆಯುತ್ತಾರೆ, ಕೆಲವೊಮ್ಮೆ ವೈದ್ಯರೂ ಮರೆಯುತ್ತಾರೆ. ರಕ್ತದೊತ್ತಡಕ್ಕೆ ಕೊಡುವ ಮಾತ್ರೆಗಳಲ್ಲಿ ಎನಲಾಪ್ರಿಲ್, ರಾಮಿಪ್ರಿಲ್, ಲಿಸಿನೊಪ್ರಿಲ್ ಹೀಗೆ ‘ಪ್ರಿಲ್’ ಎಂದು ಕೊನೆಯಾಗುವ ಒಂದು ಗುಂಪಿದೆ. ಅವು ಕೆಲವರಲ್ಲಿ ಒಣ ಕೆಮ್ಮನ್ನೂ ಗಂಟಲ ಕಿರಿಕಿರಿಯನ್ನೂ ತರುತ್ತವೆ. ಶುರುವಾಗುವುದು ಮಾತ್ರೆ ಹಿಡಿದ ಮೊದಲ ವಾರಗಳಲ್ಲೇ ಆಗಬಹುದು, ಹಲವು ತಿಂಗಳ ನಂತರವೂ ಆಗಬಹುದು, ಅದಕ್ಕೇ ಯಾರಿಗೂ ಮಾತ್ರೆಯ ಮೇಲೆ ಅನುಮಾನ ಬರುವುದಿಲ್ಲ. ನೀವಾಗಿ ನಿಲ್ಲಿಸಬೇಡಿ. ಬರೆದುಕೊಟ್ಟ ವೈದ್ಯರಿಗೆ ಹೇಳಿದರೆ ಬೇರೆ ಗುಂಪಿನ ಮಾತ್ರೆಗೆ ಬದಲಿಸುತ್ತಾರೆ. ಬದಲಿಸಿದ ಮೇಲೆ ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರದಲ್ಲಿ ಕೆಮ್ಮು ಇಳಿಯುತ್ತದೆ, ಕೆಲವರಲ್ಲಿ ಮೂರು ತಿಂಗಳೂ ಬೇಕಾಗುತ್ತದೆ.

ಇನ್ನು ಮೂಗು ತೊಳೆಯುವುದು. ಮೂಗಿನಿಂದ ಇಳಿಯುವ ಕಫಕ್ಕೆ ಇಷ್ಟು ಸುಲಭವಾದ, ಇಷ್ಟು ಉಪಯೋಗದ ಉಪಾಯ ಇನ್ನೊಂದಿಲ್ಲ. ಆದರೆ ಒಂದು ಸಲ ಮಾಡಿ, ಉರಿದು, ಬಿಟ್ಟವರೇ ಜಾಸ್ತಿ. ಉರಿಯುವುದು ಅಳತೆ ತಪ್ಪಿದ್ದರಿಂದ. ಬರೀ ನೀರಿಗೂ ಉರಿಯುತ್ತದೆ, ಉಪ್ಪು ಹೆಚ್ಚಾದರೂ ಉರಿಯುತ್ತದೆ. ನಮ್ಮ ರಕ್ತದಷ್ಟೇ ಉಪ್ಪಿರುವ ನೀರು ಮಾತ್ರ ಮೂಗಿಗೆ ಹಿತ. ಅದರ ಲೆಕ್ಕ ಒಂದು ಲೀಟರಿಗೆ 9 ಗ್ರಾಂ. ನುಣುಪಾದ ಪುಡಿ ಉಪ್ಪಾದರೆ ತಲೆತಟ್ಟಿದ ಒಂದೂವರೆ ಟೀ ಚಮಚ. ಹರಳುಪ್ಪಿಗೆ ಈ ಚಮಚದ ಲೆಕ್ಕ ಹೊಂದುವುದಿಲ್ಲ, ಹರಳುಗಳ ನಡುವೆ ಗಾಳಿ ಇರುವುದರಿಂದ ಚಮಚದಲ್ಲಿ ಉಪ್ಪು ಕಡಿಮೆ ಹಿಡಿಯುತ್ತದೆ, ಅದನ್ನು ತೂಕ ಮಾಡಿಯೇ ಹಾಕಿ. ಜೊತೆಗೆ ಅರ್ಧ ಟೀ ಚಮಚ ಅಡುಗೆ ಸೋಡಾ ಹಾಕಿದರೆ ನೀರಿನ ಹುಳಿ ಗುಣ ತಗ್ಗಿ ಉರಿ ಇನ್ನೂ ಕಡಿಮೆಯಾಗುತ್ತದೆ. ಬೇಕಿಂಗ್ ಪೌಡರ್ ಬೇರೆ, ಅದನ್ನು ಹಾಕಬೇಡಿ. ಅಯೋಡಿನ್ ಇಲ್ಲದ ಉಪ್ಪು ಸಿಕ್ಕರೆ ಒಳ್ಳೆಯದು.

ನೀರಿನ ವಿಷಯದಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ. ನಲ್ಲಿಯ ನೀರನ್ನು ನೇರವಾಗಿ ಮೂಗಿಗೆ ಬಿಡಬಾರದು, ಕುಡಿಯಲು ಅದು ಎಷ್ಟೇ ಶುದ್ಧವಿರಲಿ. ನೆಗ್ಲೇರಿಯಾ ಫೌಲೆರಿ ಎಂಬ ಅಮೀಬಾ ಇದೆ. ಅದಿರುವ ನೀರು ಕುಡಿದರೆ ಏನೂ ಆಗುವುದಿಲ್ಲ, ಮೂಗಿನ ಮೇಲ್ಭಾಗಕ್ಕೆ ಹೋದರೆ ವಾಸನೆಯ ನರದ ದಾರಿ ಹಿಡಿದು ಮಿದುಳಿಗೆ ಏರುತ್ತದೆ. ಬಹಳ ಅಪರೂಪ, ಆದರೆ ಬಂದವರು ಬದುಕುಳಿಯುವುದು ತೀರಾ ವಿರಳ. ತಡೆಯುವುದು ಮಾತ್ರ ಬಲು ಸುಲಭ. ನೀರನ್ನು ಕುದಿ ಬಂದ ಮೇಲೆ ಪೂರ್ತಿ ಒಂದು ನಿಮಿಷ ಮರಳಿಸಿ, ಮುಚ್ಚಿಟ್ಟು ಆರಿಸಿ. ಸಮುದ್ರಮಟ್ಟದಿಂದ 2000 ಮೀಟರಿಗಿಂತ ಎತ್ತರದಲ್ಲಿರುವವರು ಮೂರು ನಿಮಿಷ ಮರಳಿಸಬೇಕು, ಅಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಡಿಸ್ಟಿಲ್ಡ್ ನೀರೂ ಆದೀತು. ಆವತ್ತು ಮಾಡಿದ ನೀರು ಆವತ್ತಿಗೇ, ನಾಳೆಗೆ ಹೊಸದು.

ಹಿಸುಕುವ ಬಾಟಲಿ ಸಾಮಾನ್ಯವಾಗಿ 240 ಮಿಲಿಲೀಟರಿನದು. ಅರ್ಧ ಒಂದು ಹೊಳ್ಳೆಗೆ, ಅರ್ಧ ಇನ್ನೊಂದಕ್ಕೆ. ನೀರು ಮೈಯಷ್ಟು ಬೆಚ್ಚಗಿರಬೇಕು, ಮಣಿಕಟ್ಟಿನ ಒಳಮೈಗೆ ಒಂದು ಹನಿ ಬಿಟ್ಟು ನೋಡಿ. ಬೇಸಿನ್ನಿನ ಮೇಲೆ ಸೊಂಟದಿಂದ ಬಾಗಿ. ತಲೆ ಹಿಂದಕ್ಕೆ ಎತ್ತಬೇಡಿ, ಎತ್ತಿದರೆ ನೀರು ನೇರ ಗಂಟಲಿಗೆ ಬಂದು ಉಸಿರು ಕಟ್ಟುತ್ತದೆ. ತಲೆಯನ್ನು ಒಂದು ಪಕ್ಕಕ್ಕೆ ಸ್ವಲ್ಪ ಓರೆ ಮಾಡಿ, ಮೇಲಾದ ಹೊಳ್ಳೆಗೆ ಬಾಟಲಿಯ ತುದಿ ಸೇರಿಸಿ, ಬಾಯಿ ತೆರೆದು ಬಾಯಲ್ಲೇ ಉಸಿರಾಡುತ್ತಾ ‘ಕ ಕ ಕ ಕ’ ಎನ್ನುತ್ತಾ ಮೆಲ್ಲಗೆ ಹಿಸುಕಿ. ‘ಕ’ ಎನ್ನುವಾಗ ಅಂಗುಳದ ಮೆತ್ತನೆ ಭಾಗ ಮೇಲೆದ್ದು ಗಂಟಲಿನ ದಾರಿ ಮುಚ್ಚುತ್ತದೆ, ನೀರು ಕೆಳಗಿಳಿಯದೆ ಇನ್ನೊಂದು ಹೊಳ್ಳೆಯಿಂದ ಹೊರಬರುತ್ತದೆ. ಅದೇ ಹೊಳ್ಳೆಯಿಂದ ವಾಪಸು ಬಂದರೂ ಚಿಂತೆಯಿಲ್ಲ, ತೊಳೆದದ್ದು ತೊಳೆದಂತೆಯೇ.

ಕಿವಿ ಮುಚ್ಚಿದಂತಾಗುತ್ತದೆ ಎಂಬುದು ಮುಖ್ಯ ದೂರು. ಅದಕ್ಕೆ ಮೂರು ತಪ್ಪುಗಳು ಕಾರಣ: ಬಲವಾಗಿ ಹಿಸುಕಿದ್ದು, ನೀರು ಹರಿಯುವಾಗಲೇ ನುಂಗಿದ್ದು, ಮುಗಿದ ಮೇಲೆ ಒಂದು ಹೊಳ್ಳೆ ಒತ್ತಿ ಹಿಡಿದು ಸಿಂಬಳ ಸೀದಿದ್ದು. ನುಂಗುವಾಗ ಕಿವಿಗೆ ಹೋಗುವ ಕೊಳವೆ ತೆರೆದುಕೊಳ್ಳುತ್ತದೆ. ಎರಡೂ ಹೊಳ್ಳೆ ತೆರೆದೇ, ಮೆಲ್ಲಗೆ ಸೀದಿ. ಒಳಗೆ ಉಳಿದ ನೀರು ಅರ್ಧ ಗಂಟೆಯ ಮೇಲೆ ಎಲ್ಲೋ ನಾಲ್ಕು ಜನರ ನಡುವೆ ಮೂಗಿನಿಂದ ದಳದಳ ಸುರಿಯಬಾರದು ಎಂದರೆ, ತೊಳೆದ ಕೂಡಲೇ ತಲೆಯನ್ನು ಪೂರ್ತಿ ಕೆಳಗೆ ಬಾಗಿಸಿ ಎಡಕ್ಕೆ, ಬಲಕ್ಕೆ ಒಮ್ಮೊಮ್ಮೆ ತಿರುಗಿಸಿ. ಮಲಗುವ ಹೊತ್ತಿಗೆ ಮಾಡಬೇಡಿ, ಕನಿಷ್ಠ ಒಂದು ಗಂಟೆ ಮೊದಲು ಮುಗಿಸಿ. ಮೂಗು ಪೂರ್ತಿ ಕಟ್ಟಿ ನೀರು ಹೋಗದಿದ್ದರೆ ಒತ್ತಡ ಹಾಕಬೇಡಿ. ಕಿವಿ ನೋವು ಅಥವಾ ಕಿವಿ ಸೋಂಕು ಇರುವಾಗ, ಮೂಗಿನ ಶಸ್ತ್ರಚಿಕಿತ್ಸೆ ಇತ್ತೀಚೆಗೆ ಆಗಿದ್ದರೆ, ವೈದ್ಯರನ್ನು ಕೇಳಿಯೇ ಮಾಡಿ. ಬಾಟಲಿಯನ್ನು ಪ್ರತಿ ಸಲ ಸೋಪು ಹಾಕಿ ತೊಳೆದು, ಕುದಿಸಿ ಆರಿಸಿದ ನೀರಿನಲ್ಲೇ ಕೊನೆಗೆ ಜಾಲಾಡಿ, ಮುಚ್ಚಳ ತೆಗೆದು ಬೋರಲು ಹಾಕಿ ಒಣಗಿಸಿ. ಮೂರು ತಿಂಗಳಿಗೊಮ್ಮೆ ಹೊಸದು ತನ್ನಿ. ದಿನಕ್ಕೆ ಒಂದು ಸಲ ಸಾಕು, ಕಫ ಬಹಳವಿದ್ದಾಗ ಎರಡು ಸಲ.

ತೊಳೆದ ಮೇಲೆ ಸ್ಪ್ರೇ. ಅಲರ್ಜಿಗೂ ದೀರ್ಘಕಾಲದ ಸೈನಸ್ ಉರಿಯೂತಕ್ಕೂ ಫ್ಲುಟಿಕಾಸೋನ್, ಮೊಮೆಟಾಸೋನ್, ಬುಡೆಸೊನೈಡ್ ಇಂಥ ಸ್ಟೀರಾಯ್ಡ್ ಸ್ಪ್ರೇಗಳನ್ನು ಕೊಡುತ್ತಾರೆ. ಸ್ಟೀರಾಯ್ಡ್ ಎಂಬ ಹೆಸರಿಗೆ ಬೆಚ್ಚುವವರಿದ್ದಾರೆ. ಇಲ್ಲಿ ಒಂದು ಸಿಂಪಡಣೆಯಲ್ಲಿ ಇರುವುದು ಮೈಕ್ರೋಗ್ರಾಂ ಲೆಕ್ಕದ ಔಷಧಿ, ಕೆಲಸ ಮೂಗಿನೊಳಗೇ. ತೊಂದರೆಯಾಗುವುದು ಹಾಕುವ ರೀತಿಯಿಂದ. ತೊಳೆದು ಹದಿನೈದು ನಿಮಿಷ ಬಿಡಿ. ಬಾಟಲಿ ಅಲುಗಾಡಿಸಿ. ಹೊಸತಾದರೆ ನುಣ್ಣನೆ ಮಂಜಿನಂತೆ ಬರುವವರೆಗೆ ಗಾಳಿಗೆ ಕೆಲವು ಸಲ ಒತ್ತಿ. ಗದ್ದ ಸ್ವಲ್ಪ ಕೆಳಗೆ. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ. ಹೀಗೆ ಕೈ ಬದಲಿಸಿದರೆ ತುದಿ ತಾನಾಗಿ ಹೊರಗಡೆಗೆ, ಅದೇ ಬದಿಯ ಕಣ್ಣಿನ ಹೊರ ಮೂಲೆಯ ಕಡೆ ತಿರುಗುತ್ತದೆ. ನಡುವಿನ ಗೋಡೆಗೆ ಹೊಡೆದರೆ ಆ ಜಾಗ ಒಣಗಿ, ಬಿರಿದು ರಕ್ತ ಬರುತ್ತದೆ, ಔಷಧಿ ಬೇಕಾದ ಕಡೆಗೆ ಹೋಗುವುದೂ ಇಲ್ಲ. ಒತ್ತುವಾಗ ಹೂವಿನ ವಾಸನೆ ನೋಡಿದಷ್ಟು ಮೆಲ್ಲಗೆ ಉಸಿರೆಳೆಯಿರಿ. ಗಂಟಲಲ್ಲಿ ಔಷಧಿಯ ರುಚಿ ಬಂತೋ, ಜೋರಾಗಿ ಎಳೆದಿರಿ ಎಂದೇ ಅರ್ಥ, ಔಷಧಿ ಹೊಟ್ಟೆಗೆ ಹೋಯಿತು.

ಎರಡು ದಿನ ಹಾಕಿ ‘ಏನೂ ಆಗಲಿಲ್ಲ’ ಎಂದು ಬಿಡುವ ಔಷಧಿ ಇದಲ್ಲ. ಪೂರ್ತಿ ಪರಿಣಾಮಕ್ಕೆ ಎರಡು ವಾರ ಬೇಕು. ದಿನವೂ ತಪ್ಪದೆ, ನಾಲ್ಕರಿಂದ ಆರು ವಾರ ಹಾಕಿ ನೋಡದೆ ಇದು ಕೆಲಸ ಮಾಡಿತೋ ಇಲ್ಲವೋ ಹೇಳಲಾಗದು.

ಮೂಗು ತಕ್ಷಣ ತೆರೆಯುವ ಆಕ್ಸಿಮೆಟಜೋಲಿನ್, ಕ್ಸೈಲೋಮೆಟಜೋಲಿನ್ ಹನಿಗಳು ಇದಕ್ಕೆ ನೇರ ವಿರುದ್ಧ. ಹತ್ತು ನಿಮಿಷದಲ್ಲಿ ಮೂಗು ಬಯಲಾಗುತ್ತದೆ, ಅದೇ ಅಪಾಯ. ಮೂರು ದಿನ, ಹೆಚ್ಚೆಂದರೆ ಐದು ದಿನ. ಅದಕ್ಕಿಂತ ಮುಂದುವರಿಸಿದರೆ ಹನಿಯ ಬಲ ಇಳಿದಾಗ ಮೂಗು ಮೊದಲಿಗಿಂತ ಹೆಚ್ಚು ಊದುತ್ತದೆ, ಮತ್ತೆ ಹನಿ ಬೇಕಾಗುತ್ತದೆ. ವರ್ಷಗಟ್ಟಲೆ ದಿಂಬಿನ ಪಕ್ಕದಲ್ಲಿ ಈ ಬಾಟಲಿ ಇಟ್ಟುಕೊಂಡು ಮಲಗುವವರಿದ್ದಾರೆ. ಅವರ ಮೂಗು ಕಟ್ಟುವುದು ಹನಿಯಿಂದಲೇ. ಬಿಡುವಾಗ ವೈದ್ಯರು ಸ್ಟೀರಾಯ್ಡ್ ಸ್ಪ್ರೇ ಶುರುಮಾಡಿಸಿ, ಒಂದೊಂದೇ ಹೊಳ್ಳೆಯಾಗಿ ಹನಿ ನಿಲ್ಲಿಸಲು ಹೇಳುವುದುಂಟು. ಕೆಲವು ದಿನ ಹಿಂಸೆ, ಆದರೆ ಅದು ಮುಗಿಯುತ್ತದೆ.

ಮಾತ್ರೆಗಳ ಬಗ್ಗೆ ಚುಟುಕಾಗಿ. ಅಲರ್ಜಿಗೆ ಸೆಟ್ರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್ ಸಾಕು. ಕ್ಲೋರ್‌ಫೆನಿರಮೈನ್‌ನಂಥ ಹಳೆಯ ಮಾತ್ರೆಗಳು ಸುರಿಯುವ ಮೂಗನ್ನು ಒಣಗಿಸುತ್ತವೆ ನಿಜ, ಜೊತೆಗೆ ನಿದ್ದೆ ಬರಿಸುತ್ತವೆ, ಬಾಯಿ ಗಂಟಲನ್ನೂ ಒಣಗಿಸುತ್ತವೆ. ಪ್ರಾಸ್ಟೇಟ್ ಊತ ಇರುವ ಹಿರಿಯರಿಗೆ ಮೂತ್ರ ಕಟ್ಟಿಸಬಹುದು, ಗ್ಲಾಕೋಮಾದ ಕೆಲವು ಬಗೆಗಳಲ್ಲಿ ಕಣ್ಣಿನ ಒತ್ತಡ ಏರಿಸಬಹುದು. ಊಟಕ್ಕೆ ಕೂತರೆ ಮೂಗು ಸುರಿಯುವವರಿಗೆ ಇಪ್ರಟ್ರೋಪಿಯಂ ಎಂಬ ಮೂಗಿನ ಸ್ಪ್ರೇ ಇದೆ. ಅದು ಗ್ರಂಥಿಗೆ ಹೋಗುವ ನರದ ಸಂಜ್ಞೆಯನ್ನೇ ತಡೆಯುತ್ತದೆ. ಕಟ್ಟಿದ ಮೂಗಿಗಾಗಲಿ ಗಟ್ಟಿ ಕಫಕ್ಕಾಗಲಿ ಅದು ಬೇಡ.

ಹಬೆ ತೆಗೆದುಕೊಳ್ಳಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಹಿತ ಅನ್ನಿಸುತ್ತದೆ, ರೋಗ ವಾಸಿಮಾಡುವುದಿಲ್ಲ. ಕುದಿಯುವ ಪಾತ್ರೆಯ ಮೇಲೆ ಬಟ್ಟೆ ಹೊದ್ದು ಬಾಗುವಾಗ ಪಾತ್ರೆ ಮಗುಚಿ ಸುಟ್ಟುಕೊಳ್ಳುತ್ತಾರೆ, ಅದರಲ್ಲೂ ಮಕ್ಕಳು. ಬಿಸಿನೀರಿನ ಸ್ನಾನದ ಹಬೆ ಅದೇ ಹಿತ ಕೊಡುತ್ತದೆ. ಮಕ್ಕಳಿಗಂತೂ ಪಾತ್ರೆಯ ಹಬೆ ಬೇಡವೇ ಬೇಡ.

ಹಾಲು ಕುಡಿದರೆ ಕಫ ಹೆಚ್ಚುತ್ತದೆ ಎಂಬುದು ಬಹಳ ಹಳೆಯ ನಂಬಿಕೆ. 1990ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನೆಗಡಿಯ ವೈರಸ್ ಹಾಕಿಸಿಕೊಂಡ ಸ್ವಯಂಸೇವಕರು ಕುಡಿದ ಹಾಲನ್ನೂ ಅವರ ಸಿಂಬಳದ ತೂಕವನ್ನೂ ದಿನವೂ ಅಳೆದು ನೋಡಿದರು, ಎರಡಕ್ಕೂ ಸಂಬಂಧ ಕಾಣಲಿಲ್ಲ. ಹಾಲು ಎಂಜಲಿನೊಡನೆ ಬೆರೆತು ಸ್ವಲ್ಪ ಹೊತ್ತು ಗಂಟಲಿಗೆ ಮಂದವಾಗಿ ಅಂಟಿದಂತಾಗುತ್ತದೆ, ಆ ಅನುಭವವನ್ನೇ ಕಫ ಎನ್ನುತ್ತೇವೆ. ಕುಡಿದ ಮೇಲೆ ನೀರು ಕುಡಿಯಿರಿ. ಅದರಿಂದಲೂ ಕಿರಿಕಿರಿಯಾದರೆ ಬಿಡಿ, ಮಕ್ಕಳಿಗೆ ಮಾತ್ರ ಈ ಕಾರಣಕ್ಕೆ ಹಾಲು ತಪ್ಪಿಸಬೇಡಿ.

ಇನ್ನು ಬಣ್ಣ. ಹಳದಿ, ಹಸಿರು ಕಂಡ ಕೂಡಲೇ ಆ್ಯಂಟಿಬಯಾಟಿಕ್ ಎನ್ನುತ್ತಾರೆ. ಸೋಂಕಿನ ಜಾಗಕ್ಕೆ ಧಾವಿಸುವ ಬಿಳಿ ರಕ್ತಕಣಗಳಲ್ಲಿ ಕಬ್ಬಿಣಾಂಶವುಳ್ಳ ಒಂದು ಹಸಿರು ಕಿಣ್ವ ಇರುತ್ತದೆ, ಆ ಬಣ್ಣ ಅದರದ್ದು. ವೈರಸ್ಸಿನ ನೆಗಡಿಯಲ್ಲೂ ಅವು ಬರುತ್ತವೆ. ರಾತ್ರಿಯಿಡೀ ನಿಂತ ಕಫ ಬೆಳಿಗ್ಗೆ ಹಸಿರಾಗಿ, ಮಧ್ಯಾಹ್ನಕ್ಕೆ ಬಿಳಿಯಾಗುವುದೂ ಅದಕ್ಕೇ. ಬಣ್ಣಕ್ಕಿಂತ ದಿನಗಳನ್ನು ಎಣಿಸಿ: ಹತ್ತು ದಿನವಾದರೂ ಸ್ವಲ್ಪವೂ ಇಳಿಯದಿದ್ದರೆ, ಅಥವಾ ಇಳಿದು ಮತ್ತೆ ಜ್ವರ, ಮುಖದ ನೋವಿನೊಡನೆ ಏರಿದರೆ ಬ್ಯಾಕ್ಟೀರಿಯಾ ಸೇರಿರಬಹುದು.

ಹೊಟ್ಟೆಯಿಂದ ಬರುವ ತೊಂದರೆಗೆ ಬರೋಣ. ರಾತ್ರಿಯ ಊಟಕ್ಕೂ ಮಲಗುವುದಕ್ಕೂ ನಡುವೆ ಮೂರು ಗಂಟೆ ಬಿಡಿ. ನನ್ನ ಪ್ರಕಾರ ಇದೊಂದೇ ಎಷ್ಟೋ ಮಾತ್ರೆಗಿಂತ ಹೆಚ್ಚು ಕೆಲಸ ಮಾಡುತ್ತದೆ. ಮಂಚದ ತಲೆಭಾಗದ ಕಾಲುಗಳ ಕೆಳಗೆ 15ರಿಂದ 20 ಸೆಂಟಿಮೀಟರ್ ಎತ್ತರದ ಗಟ್ಟಿ ದಿಮ್ಮಿ ಇಡಿ. ದಿಂಬಿನ ಮೇಲೆ ದಿಂಬು ಪೇರಿಸಿದರೆ ಕುತ್ತಿಗೆ ಮಾತ್ರ ಮಡಚಿ, ಹೊಟ್ಟೆ ಒತ್ತಿ, ರಸ ಇನ್ನಷ್ಟು ಮೇಲೇರುತ್ತದೆ. ಎಡ ಮಗ್ಗುಲಿಗೆ ಮಲಗಿ, ಆಗ ಅನ್ನನಾಳ ಸೇರುವ ಬಾಯಿ ಹೊಟ್ಟೆಯ ರಸದ ಮಟ್ಟಕ್ಕಿಂತ ಮೇಲಿರುತ್ತದೆ. ಸೊಂಟ ಬಿಗಿಯುವ ಉಡುಪು ಬೇಡ. ತೂಕ ಹೆಚ್ಚಿದ್ದರೆ ಸ್ವಲ್ಪ ಇಳಿದರೂ ವ್ಯತ್ಯಾಸ ಕಾಣುತ್ತದೆ. ಮದ್ಯ, ಕಾಫಿ, ಕರಿದದ್ದು, ಚಾಕೊಲೇಟು ಎಲ್ಲವನ್ನೂ ಒಟ್ಟಿಗೆ ಬಿಡಬೇಡಿ. ಒಂದೊಂದನ್ನು ಎರಡು ವಾರ ಬಿಟ್ಟು ನೋಡಿ, ವ್ಯತ್ಯಾಸ ಇಲ್ಲದಿದ್ದರೆ ಮತ್ತೆ ತಿನ್ನಿ.

ಆಮ್ಲ ಕಡಿಮೆ ಮಾಡುವ ಮಾತ್ರೆಯನ್ನು ಗಂಟಲ ಕಫಕ್ಕೆಂದು ತಿಂಗಳುಗಟ್ಟಲೆ ನುಂಗುವವರಿಗೆ ಒಂದು ವಿಷಯ. 2021ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಪ್ರಯೋಗದಲ್ಲಿ ಗಂಟಲ ತೊಂದರೆ ಬಿಡದೆ ಇದ್ದವರಿಗೆ ಲ್ಯಾನ್ಸೊಪ್ರಜೋಲ್ 30 ಮಿಲಿಗ್ರಾಂ ದಿನಕ್ಕೆ ಎರಡು ಸಲ, 16 ವಾರ ಕೊಟ್ಟರು. ಔಷಧಿಯಿಲ್ಲದ ಹುಸಿ ಮಾತ್ರೆ ಪಡೆದವರಿಗಿಂತ ಅವರು ಮೇಲಾಗಲಿಲ್ಲ, ಇಬ್ಬರೂ ಸಮನಾಗಿಯೇ ಸುಧಾರಿಸಿದರು. ಎದೆಯುರಿ, ಹುಳಿತೇಗು ಇರುವವರ ಮಾತು ಬೇರೆ. ಅವರು ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ನುಂಗಬೇಕು, ಊಟವಾದ ಮೇಲೆ ನುಂಗಿದರೆ ಅರ್ಧ ವ್ಯರ್ಥ. ಎದೆಯುರಿಯೇ ಇಲ್ಲದೆ, ಬರೀ ಗಂಟಲಿಗೆಂದು ತೆಗೆದುಕೊಳ್ಳುತ್ತಿದ್ದರೆ, ಎರಡು ಮೂರು ತಿಂಗಳಲ್ಲಿ ಗುಣ ಕಾಣದಿದ್ದರೆ, ಮುಂದುವರಿಸಬೇಕೇ ಎಂದು ವೈದ್ಯರನ್ನು ಕೇಳಿ.

ಇವನ್ನೆಲ್ಲ ನಾಳೆಯೇ ಒಟ್ಟಿಗೆ ಶುರುಮಾಡಬೇಡಿ. ಹಾಗೆ ಮಾಡಿದವರಿಗೆ ವಾಸಿಯಾದರೂ ಯಾವುದರಿಂದ ಎಂದು ತಿಳಿಯದೆ ಎಲ್ಲವನ್ನೂ ಜೀವನಪೂರ್ತಿ ಮಾಡುತ್ತಾರೆ. ಕ್ಯಾಕರಿಕೆ ಬಿಡುವುದು, ಉಪ್ಪುನೀರು, ಇವೆರಡನ್ನು ಮೊದಲ ಎರಡು ವಾರ ಮಾಡಿ. ಆಮೇಲೆ ನಿಮ್ಮ ಗುರುತುಗಳು ಮೂಗಿನ ಕಡೆ ತೋರಿಸಿದರೆ ಸ್ಪ್ರೇ ಆರು ವಾರ, ಹೊಟ್ಟೆಯ ಕಡೆ ತೋರಿಸಿದರೆ ಮಂಚ ಮತ್ತು ಊಟದ ಹೊತ್ತು ಆರು ವಾರ.

ಕಾಯದೆ ಹೋಗಬೇಕಾದ ಸಂದರ್ಭಗಳಿವೆ, ಇದನ್ನು ಬರೆದುಕೊಳ್ಳಿ. ನುಂಗಲು ಕಷ್ಟ ಅಥವಾ ನುಂಗುವಾಗ ನೋವು. ಮೂರು ವಾರ ದಾಟಿದ ದನಿ ಒಡಕು. ಕುತ್ತಿಗೆಯಲ್ಲಿ ಗಂಟು. ಕಿವಿಯಲ್ಲಿ ಏನೂ ಇಲ್ಲದೆ ಒಂದೇ ಕಿವಿಗೆ ಹೊಡೆಯುವ ನೋವು. ಕಫದಲ್ಲಿ ಅಥವಾ ಒಂದೇ ಹೊಳ್ಳೆಯಲ್ಲಿ ರಕ್ತ. ಕಾರಣವಿಲ್ಲದೆ ತೂಕ ಇಳಿಯುವುದು. ಎರಡು ವಾರ ದಾಟಿದ ಕೆಮ್ಮಿನ ಜೊತೆ ಸಂಜೆಯ ಜ್ವರ, ರಾತ್ರಿ ಬೆವರು ಇದ್ದರೆ ಕಫದ ಪರೀಕ್ಷೆ ಆಗಲೇಬೇಕು. ತಂಬಾಕು, ಮದ್ಯದ ಅಭ್ಯಾಸ ಇರುವವರು ಇನ್ನೂ ಬೇಗ ಹೋಗಬೇಕು. ಇನ್ನೊಂದು ಅಪರೂಪದ್ದು: ಬಾಗಿದಾಗ ಒಂದೇ ಹೊಳ್ಳೆಯಿಂದ ನೀರಿನಂಥ, ಉಪ್ಪುಪ್ಪಾದ ದ್ರವ ತೊಟ್ಟಿಕ್ಕಿದರೆ, ಅದರಲ್ಲೂ ತಲೆಗೆ ಪೆಟ್ಟು ಬಿದ್ದ ಮೇಲೆ, ಅದು ಮಿದುಳಿನ ಸುತ್ತಲಿನ ದ್ರವ ಸೋರುತ್ತಿರಬಹುದು. ಅದನ್ನು ಸೀದಬೇಡಿ, ತಡಮಾಡಬೇಡಿ.

ಇನ್ನು ಮಕ್ಕಳ ವಿಷಯ. ಬಾಯಿ ತೆರೆದು ಮಲಗುವುದು, ಗೊರಕೆ, ಸದಾ ಕಟ್ಟಿದ ಮೂಗು ಇದ್ದರೆ ಮೂಗಿನ ಹಿಂದೆ ಇರುವ ಅಡೆನಾಯ್ಡ್ ಎಂಬ ಅಂಗಾಂಶದ ಗಂಟು ದೊಡ್ಡದಾಗಿರಬಹುದು. ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಬಂದರೆ ಮಗು ಏನನ್ನೋ ತುರುಕಿಕೊಂಡಿದೆ ಎಂದೇ ಮೊದಲು ಎಣಿಸಿ. ಅದು ಗುಂಡಿಯಂಥ ಚಪ್ಪಟೆ ಬ್ಯಾಟರಿ ಎಂದು ಸ್ವಲ್ಪ ಅನುಮಾನವಿದ್ದರೂ ಆ ಗಳಿಗೆಯೇ ಆಸ್ಪತ್ರೆಗೆ ಓಡಿ, ಕೆಲವೇ ಗಂಟೆಗಳಲ್ಲಿ ಅದು ಮೂಗಿನ ಗೋಡೆಯನ್ನು ಸುಟ್ಟು ತೂತು ಮಾಡುತ್ತದೆ. ಹನಿ ಹಾಕಬೇಡಿ, ನೀರೂ ಬಿಡಬೇಡಿ.

ಕೊನೆಯದಾಗಿ, ಎಂಡೋಸ್ಕೋಪ್ ಹಾಕಿ ನೋಡಿ, ಸ್ಕ್ಯಾನ್ ಮಾಡಿಸಿ, ‘ಎಲ್ಲ ಸರಿಯಿದೆ, ಕಫವೇ ಇಲ್ಲ’ ಎಂದು ಹೇಳಿಸಿಕೊಂಡು ಬಂದವರಿಗೆ. ಅವರಿಗೆ ಆಗುವ ಬೇಸರ ದೊಡ್ಡದು, ತಮ್ಮದು ಕಲ್ಪನೆ ಎಂದರು ಅಂದುಕೊಳ್ಳುತ್ತಾರೆ. 2006ರಲ್ಲಿ ಅಮೆರಿಕದ ಎದೆರೋಗ ತಜ್ಞರು ಮೂಗಿನಿಂದ ಇಳಿಯುವ ಕಫದ ಕೆಮ್ಮು ಎಂಬ ಹಳೆಯ ಹೆಸರನ್ನೇ ಬಿಟ್ಟು, ಮೇಲಿನ ಉಸಿರುದಾರಿಯ ಕೆಮ್ಮು ಎಂದು ಬದಲಿಸಿದರು. ಇಳಿಯುವ ಕಫ ಕೆಮ್ಮು ತರುತ್ತದೋ, ಆ ದಾರಿಯ ನರಗಳೇ ಕೆರಳಿ ಕೆಮ್ಮು ತರುತ್ತವೋ ಎಂದು ಬಿಡಿಸಿ ಹೇಳಲಾಗದ್ದಕ್ಕೇ ಆ ಬದಲಾವಣೆ. ಒಂದು ಜೋರು ನೆಗಡಿಯ ನಂತರ ನರಗಳು ಹಾಗೆ ಕೆರಳಿ ಉಳಿಯಬಹುದು. ಆಗ ಇಲ್ಲದ ಕಫವೂ ಇದ್ದಂತೆಯೇ ಅನ್ನಿಸುತ್ತದೆ, ಅನುಭವ ಪೂರ್ತಿ ನಿಜ. ಅಂಥವರು ಕಫ ಕರಗಿಸುವ ಇನ್ನೊಂದು ಸಿರಪ್ಪಿನ ಬದಲು ಮಾತು ಮತ್ತು ಧ್ವನಿಯ ಚಿಕಿತ್ಸಕರ ಬಳಿ ಹೋಗಬೇಕು. ಮೊದಲು ಹೇಳಿದ ನುಂಗುವ, ‘ಹಾ’ ಎನ್ನುವ ಅಭ್ಯಾಸಗಳನ್ನೇ ಅವರು ನಿಮ್ಮ ಎದುರು ಕೂತು, ಉಸಿರಿನ ಜೊತೆ ಹೊಂದಿಸಿ ಕಲಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ನರಗಳನ್ನು ಶಾಂತಗೊಳಿಸುವ ಔಷಧಿಯನ್ನು ಸಣ್ಣ ಪ್ರಮಾಣದಲ್ಲಿ ತಜ್ಞರು ಕೊಡುವುದುಂಟು. ಹೋಗುವಾಗ ಗೆರೆ ಎಳೆದ ಆ ಚೀಟಿಗಳನ್ನೂ, ನೀವು ನುಂಗುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ಜೊತೆಗೆ ಒಯ್ಯಿರಿ.